ಬಿರುಗಾಳಿಯನ್ನು ಹಾರೈಸಬಹುದೆ?

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡಿನ ಬಯಲುಗಳಲ್ಲಿ ವಸಂತವು ಬಂದಿತೆಂದರೆ ಗುಡುಗು ಸಿಡಿಲುಗಳ ಕಾಲವೂ ಬಂದಂತೆಯೇ. ಮೆಕ್ಸಿಕೋ ಕೊಲ್ಲಿಯಿಂದ ಏರಿಬರುವ ತೇವದ ಗಾಳಿಯು ಪಶ್ಚಿಮದ ಎತ್ತರದ ನೆಲದಿಂದ ಬೀಸುವ ಒಣಗಾಳಿಯನ್ನು ಅಲ್ಲಿ ಸಂಧಿಸುವುದು. ಮೇಲಿನ ಗಾಳಿಯ ದಿಕ್ಕೂ ವೇಗವೂ ಕೆಳಗಿನದಕ್ಕಿಂತ ಬೇರೆಯಾಗಿದ್ದರೆ ಮೋಡವೇ ತಿರುಗತೊಡಗಿ, ಕೆಲವು ವೇಳೆ ಸುಂಟರಗಾಳಿಯು ನೆಲವನ್ನು ಮುಟ್ಟುವುದು. ಊರವರು ನೆಲಮಾಳಿಗೆಗೆ ಇಳಿಯುವ ಆ ಹೊತ್ತಿನಲ್ಲಿ ಕೆಲವು ವಿದ್ಯಾಶಾಲೆಗಳ ಅಧ್ಯಾಪಕರು ಶಿಷ್ಯರನ್ನು ವ್ಯಾನುಗಳಲ್ಲಿ ಕುಳ್ಳಿರಿಸಿಕೊಂಡು ಆ ಮೋಡಗಳ ಕಡೆಗೇ ಹೊರಡುವರು. ಇಲಿನಾಯ್ ಸಂಸ್ಥಾನದ ಡುಪೇಜ್ ಕಾಲೇಜಿನಲ್ಲಿ ಇಂತಹ ಸಂಚಾರಪಾಠವು 1989ರಿಂದ ನಡೆದುಬಂದಿದೆ. ಬೆಳಿಗ್ಗೆ ನಕ್ಷೆಗಳನ್ನು ನೋಡಿ ಮುನ್ಸೂಚನೆ ಬರೆಯುವುದು, ನೂರಾರು ಮೈಲಿ ಓಡುವುದು, ಮೋಡದ ಬುಡವನ್ನು ಕಂಡು ಉಷ್ಣ, ತೇವ, ಒತ್ತಡ, ಗಾಳಿಗಳ ಲೆಕ್ಕವನ್ನು ಬರೆದುಕೊಳ್ಳುವುದು ಇಂತಹ ಸಂಚಾರಗಳ ದಿನಚರಿ. ಎಷ್ಟೋ ದಿನ ಆಕಾಶವು ನಿರ್ಮಲವಾಗಿಯೇ ಉಳಿಯುವುದು; ಆಗ ಶಿಷ್ಯರ ಮುಖವು ಬಾಡುವುದು.

ಪ್ರಶ್ನೆಯು ಹುಟ್ಟುವುದು ಈ ಬಾಡಿದ ಮುಖದಿಂದಲೇ. ನಿರ್ಮಲಾಕಾಶವನ್ನು ಕಂಡು ಖಿನ್ನನಾಗುವವನು ಬಿರುಗಾಳಿಯನ್ನು ಹಾರೈಸಿದವನಲ್ಲವೆ? ಅದನ್ನು ಹಾರೈಸಿದವನು ಪರರ ಮನೆ ಬೀಳಲೆಂದು ಹಾರೈಸಿದಂತಾಗಲಿಲ್ಲವೆ?

ಹಾರೈಕೆಯಿಂದ ಮೋಡವು ಚಲಿಸದೆಂಬ ಸಮಾಧಾನವು ಸುಲಭವಾದುದು. ಆದರೆ ಪರರ ಕೇಡನ್ನು ಮನಸ್ಸಿನಲ್ಲಿ ನೆನೆಯುವುದನ್ನೂ ಮನುಸ್ಮೃತಿಯು ಪಾಪಗಳಲ್ಲಿ ಎಣಿಸಿದೆ. ಕೇಡು ಫಲಿಸಲಿಲ್ಲವೆಂಬ ಮಾತ್ರಕ್ಕೆ ನೆನೆದವನು ಶುದ್ಧನಾಗನು. ವೈದ್ಯವಿದ್ಯಾರ್ಥಿಯ ದೃಷ್ಟಾಂತವು ಇದಕ್ಕಿಂತ ಉಪಯುಕ್ತವಾದುದು. ಅಪೂರ್ವ ವ್ಯಾಧಿಯ ರೋಗಿಯೊಬ್ಬನು ಬಂದನೆಂದರೆ ಅವನು ಉತ್ಸಾಹದಿಂದ ಓಡುವನು. ಆ ಉತ್ಸಾಹವು ವ್ಯಾಧಿಯು ಉಂಟಾದುದಕ್ಕಲ್ಲ, ಉಂಟಾದ ವ್ಯಾಧಿಯನ್ನು ಕಾಣುವುದಕ್ಕೆ. ‘ಬರಲಿ’ ಎಂಬುದೂ ‘ಬರುವುದಾದರೆ ಕಣ್ಣೆದುರಿಗೆ ಬರಲಿ’ ಎಂಬುದೂ ಒಂದೇ ಅಲ್ಲ. ಇವೆರಡರ ನಡುವಣ ಗೆರೆಯು ಕೂದಲೆಳೆಯಷ್ಟೇ ಇರುವುದು ನಿಜ; ಯೌವನದ ಭರದಲ್ಲಿ ಅದು ಅಳಿಸಿಹೋಗುವುದೂ ನಿಜ. ‘ಊರಿನ ಮೇಲೆ ಬೇಡ, ಬಯಲಿನ ಮೇಲೆ ಹಾದುಹೋಗಲಿ’ ಎಂದು ಕೆಲವರು ಹೇಳಿಕೊಳ್ಳಬಹುದು. ಬಯಲೆಂಬುದೂ ಒಬ್ಬನ ಗೋಧಿಯ ಹೊಲವೆಂದು ಪಟ್ಟಣದಲ್ಲಿ ಬೆಳೆದವರಿಗೆ ತಟ್ಟನೆ ಹೊಳೆಯುವುದಿಲ್ಲ.

1973ನೆಯ ಇಸವಿ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯನ್ನು ಹೊಡೆದ ಸುಂಟರಗಾಳಿಯನ್ನು ಒಂದು ಕಡೆಯಿಂದ ಡಾಪ್ಲರ್ ರಾಡಾರು ಗಮನಿಸಿತು. ಇನ್ನೊಂದು ಕಡೆಯಿಂದ ಬಯಲಿನಲ್ಲಿ ನಿಂತವರು ಚಿತ್ರ ತೆಗೆದರು. ಎರಡನ್ನೂ ಹೋಲಿಸಿ ನೋಡಿದುದರಿಂದ, ಗಾಳಿಯು ನೆಲ ಮುಟ್ಟುವುದಕ್ಕೆ ಮೊದಲೇ ಮೋಡದೊಳಗೆ ಮೂಡುವ ಸುಳಿಯ ಗುರುತು ತಿಳಿದುಬಂದಿತು. ಜನರನ್ನು ಮುಂಚಿತವಾಗಿ ಎಚ್ಚರಿಸುವ ವಿದ್ಯೆಯು ಅದರಿಂದ ಬೆಳೆಯಿತು. ಆದರೆ ಅಂದು ಮನೆ ಕಳೆದುಕೊಂಡವನಿಗೆ ಅದರಿಂದ ಬಂದುದೇನು? ಏನೂ ಇಲ್ಲ. ಋಷಿಋಣವನ್ನು ಋಷಿಗಳಿಗೇ ತೀರಿಸಲಾಗದು. ಅಧ್ಯಯನದಿಂದಲೂ ಮುಂದಿನವರಿಗೆ ಕಲಿಸುವುದರಿಂದಲೂ ಅದು ತೀರತಕ್ಕದ್ದು. ಬಿದ್ದ ಮನೆಯ ಋಣವೂ ಅಂತಹುದೇ. ಬಿರುಗಾಳಿಯನ್ನು ಕಂಡು, ಅಳೆದು, ತಪ್ಪಿಲ್ಲದೆ ಬರೆದಿಟ್ಟವನು ಅದನ್ನು ಮುಂದಿನ ಮನೆಯವನಿಗೆ ತೀರಿಸುವನು. ಬರಿಯ ನೋಟಕ್ಕಾಗಿ ಹೋಗಿ, ಅದಕ್ಕೆ ಅಧ್ಯಯನವೆಂದು ಹೆಸರಿಟ್ಟು, ಮರಳಿದವನು ಋಣಿಯಾಗಿಯೇ ಉಳಿಯುವನು. ಮಳೆಯ ಗರ್ಭಲಕ್ಷಣಗಳನ್ನು ಅರಿಯಬೇಕಾದವನಿಗೆ ಹಗಲೂ ಇರುಳೂ ಏಕಾಗ್ರಚಿತ್ತವು ಬೇಕೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವುದು ಈ ಶಿಷ್ಯರಿಗೂ ಸಲ್ಲುವುದು. ದಾರಿಯಲ್ಲಿ ಬಿದ್ದ ಮನೆಯೇ ಎದುರಾದಾಗ ಪುಸ್ತಕವನ್ನು ಮುಚ್ಚಿ ಇಳಿಯತಕ್ಕದ್ದೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ಗುರುವಿನ ಹೊಣೆಯು ಇದಕ್ಕಿಂತ ಕಠಿನವಾದುದು. 2003ನೆಯ ಇಸವಿ ಜೂನ್ 24ರಂದು ದಕ್ಷಿಣ ಡಕೋಟಾದಲ್ಲಿ ಟಿಮ್ ಸಮಾರಸ್ ಎಂಬ ಸಂಶೋಧಕರು ಸುಂಟರಗಾಳಿಯ ಹಾದಿಯಲ್ಲಿ ಯಂತ್ರವನ್ನಿಟ್ಟು, ಒತ್ತಡವು 100 ಮಿಲಿಬಾರಿನಷ್ಟು ಕುಸಿದುದನ್ನು ದಾಖಲಿಸಿದರು. ಅದೇ ಗಾಳಿಯು ಮ್ಯಾಂಚೆಸ್ಟರ್ ಎಂಬ ಸಣ್ಣ ಊರನ್ನು ಅಳಿಸಿಹಾಕಿತು. ಊರು ಮತ್ತೆ ಏಳಲಿಲ್ಲ. ಜಾಗರೂಕತೆಗೆ ಹೆಸರಾಗಿದ್ದ ಆ ಸಮಾರಸರೇ 2013ನೆಯ ಇಸವಿ ಮೇ 31ರಂದು ಒಕ್ಲಹೋಮಾದ ಎಲ್ ರೀನೋ ಬಳಿ ಮಗನೊಡನೆಯೂ ಸಹೋದ್ಯೋಗಿಯೊಡನೆಯೂ ಮಡಿದರು. ಅಂದಿನ ಗಾಳಿಯು 2.6 ಮೈಲಿ ಅಗಲಕ್ಕೆ ಹಿಗ್ಗಿ, ಒಮ್ಮೆಲೆ ದಿಕ್ಕನ್ನು ಬದಲಿಸಿತ್ತು. ಅವರು ತಮ್ಮ ಪ್ರಾಣವನ್ನು ತಾವೇ ಒಡ್ಡಿದ ಪ್ರೌಢರು. ಶಿಷ್ಯನ ಸ್ಥಿತಿಯು ಬೇರೆ. ವಾಹನವು ಹಿಡಿಯುವ ದಾರಿಯನ್ನು ನಿಶ್ಚಯಿಸುವವನು ಅವನಲ್ಲ. ಗುರುವು ಹತ್ತಿರ ಹೋದರೆ ಅವನೂ ಹೋಗುವನು, ಸಹಪಾಠಿಗಳ ಮುಂದೆ ಹಿಂಜರಿಯಲು ನಾಚುವನು. ಅವನ ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಂಡ ಮಾತ್ರಕ್ಕೆ ಗುರುವಿನ ಭಾರವು ಇಳಿಯುವುದಿಲ್ಲ. ಅಪಾಯವಾದರೂ ಸುಳಿಯಲ್ಲಿ ಮಾತ್ರವೇ ಇಲ್ಲ. ಸಿಡಿಲಿನಲ್ಲಿಯೂ, ಒದ್ದೆ ರಸ್ತೆಯಲ್ಲಿಯೂ, ನಿದ್ದೆಗೆಟ್ಟ ಚಾಲಕನ ಕಣ್ಣಿನಲ್ಲಿಯೂ ಇರುವುದು.

ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಬೆಳಿಗ್ಗೆ, ಆಕಾಶವು ತಿಳಿಯಾಗಿರುವಾಗಲೇ, ಗೊತ್ತುಮಾಡತಕ್ಕದ್ದು. ಮೋಡವನ್ನು ಕಂಡಮೇಲೆ ಗೊತ್ತುಮಾಡಹೊರಟವನು ಒಂದೊಂದೇ ಮೈಲಿಯನ್ನು ಬಿಟ್ಟುಕೊಡುತ್ತ ಹೋಗುವನು. ಹಾಗೆ ದೂರ ನಿಂತ ದಿನ ಅಳತೆಯು ಸಿಗದೆ ಹೋಗಬಹುದು. ಆಗ ಶಿಷ್ಯನು ಕಾಲವನ್ನೂ ಸ್ಥಳವನ್ನೂ ಬರೆದು, ಅಂಕಿಗಳ ಸ್ಥಾನವನ್ನು ಬರಿದಾಗಿ ಬಿಟ್ಟು, ಕಾರಣವನ್ನು ಪಕ್ಕದಲ್ಲಿ ಗುರುತಿಸಲಿ.