ಮಾರು, ಇಲ್ಲವೇ ಕಲಾಯಿ ಹಾಕಿಸು

ನಮ್ಮ ಹಡಗಲಿ ಸೀಮೆಯ ಯಾವ ಹಳೇ ಮನೆಯ ಅಟ್ಟ ಹತ್ತಿದರೂ ಒಂದು ಮೂಲೆಯಲ್ಲಿ ಗೋಣಿಚೀಲ ಹೊದ್ದ ಹಿತ್ತಾಳೆ ಸಾಮಾನು ಸಿಕ್ಕೇ ಸಿಗುತ್ತದೆ. ಕೊಡ, ಕೊಳಗ, ಪರಾತ, ಚರಿಗೆ, ಯಾರದೋ ಮದುವೆಯಲ್ಲಿ ಮುಯ್ಯಿ ಬಂದ ತಂಬಿಗೆ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಪಕ್ಕದಲ್ಲಿ ಊರು. ಮಾಗಳದಲ್ಲಿ ನೋಡಿ, ಹರಪನಹಳ್ಳಿಯಲ್ಲಿ ನೋಡಿ, ಕೂಡ್ಲಿಗಿ, ಕೊಟ್ಟೂರಿನಲ್ಲಿ ನೋಡಿ, ಇದೇ ಕಥೆ. ಜಿಲ್ಲೆಯೇ ಬದಲಾಯಿತು, 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರಕ್ಕೆ ಸೇರಿದೆವು. ಅಟ್ಟದ ಗಂಟು ಮಾತ್ರ ಅಲುಗಲಿಲ್ಲ.

"ಮಾರಿಬಿಡೋಣೇನು?" ಅಂದರೆ "ಬ್ಯಾಡ, ಅವ್ವನ ನೆನಪು ಐತಿ." "ಹಂಗಾರೆ ಕಲಾಯಿ ಹಾಕಿಸಿ ಬಳಸೋಣು?" ಅಂದರೆ "ಕಲಾಯಿ ಹಾಕೋರು ಈಗೆಲ್ಲಿ ಅದಾರು?" ಕೊನೆಗೆ ತೀರ್ಪು: "ಇರ್ಲಿ ಬಿಡು."

ಈ 'ಇರ್ಲಿ ಬಿಡು' ನಮ್ಮನ್ನು ತಿನ್ನುತ್ತಿದೆ. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವ ನಾನಲ್ಲ, ನಮ್ಮ ಮನೆಯ ಅಟ್ಟವೂ ಖಾಲಿಯಿಲ್ಲ. ಹಾಗಾಗಿ ಇದರಲ್ಲಿ ಅರ್ಧ ನನಗೆ ನಾನೇ ಹೇಳಿಕೊಳ್ಳುವ ಮಾತು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಅಂತಾರಲ್ಲ, ಹಾಗೆ ನಮ್ಮ ಬಾಳು. ಮಾರಿದರೆ ನಾಲ್ಕು ಕಾಸು ಬಂದೀತು. ಬಳಸಿದರೆ ಪಾತ್ರೆ ಬದುಕೀತು. ಎರಡನ್ನೂ ಮಾಡದೆ ಇಟ್ಟುಕೊಂಡವನಿಗೆ ಉಳಿಯುವುದು ಕಿಲುಬು. ಪಾತ್ರೆಯ ವಿಷಯದಲ್ಲಿ ಹೀಗೆ ಇರುವವನು ಸಾಲದ ವಿಷಯದಲ್ಲೂ ಹೀಗೇ, ಮಗಳ ಓದಿನ ವಿಷಯದಲ್ಲೂ ಹೀಗೇ. ತೀರ್ಮಾನ ಮುಂದೂಡುವ ಚಟ ಅಟ್ಟದಲ್ಲೇ ಕೂತಿರುವುದಿಲ್ಲ, ಏಣಿ ಇಳಿದು ನಡುಮನೆಗೆ ಬರುತ್ತದೆ.

ನಮ್ಮ ಕಡೆಯ ಒಬ್ಬ ಮಾಜಿ ಸೈನಿಕರು ಕಟ್ಟೆಯ ಮೇಲೆ ಕೂತು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಫೈರಿಂಗ್ ರೇಂಜಿನಲ್ಲಿ ಗುಂಡು ಹಾರಿಸುವುದು ಸಣ್ಣ ಕೆಲಸವಂತೆ. ದೊಡ್ಡ ಕೆಲಸ ಆಮೇಲಿನದು, ಬಂದೂಕಿನಿಂದ ಸಿಡಿದು ಬಿದ್ದ ಖಾಲಿ ತೋಟಾ ಆರಿಸುವುದು. ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟೂ ಖಾಲಿ 'ಖೋಖಾ' ಲೆಕ್ಕಕ್ಕೆ ವಾಪಸು ಬರಬೇಕು. "ಒಂದು ಕಮ್ಮಿ ಬಿತ್ತು ಅಂದ್ರ ಮುಗೀತು ತಮ್ಮಾ. ಎಲ್ಲಾರೂ ಸಾಲಾಗಿ ಮೊಣಕಾಲೂರಿ ಹುಲ್ಲು ಸರಿಸಿ, ಮಣ್ಣು ಕೆದರಿ ಹುಡುಕಬೇಕು. ಅದು ಸಿಗೋತನಕ ಊಟ ಇಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಕೆಲಸ ಮುಗಿದ ವಸ್ತೂಗೂ ಲೆಕ್ಕ ಇರ್ತತಿ" ಅಂದರು.

ಆ ತೋಟಾದ ಕೋಶವೂ ಹಿತ್ತಾಳೆಯೇ. ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರುವಾಗ ಅದು ಒಳಗಿನ ಅನಿಲದ ಒತ್ತಡಕ್ಕೆ ಹಿಗ್ಗಿ ಬಂದೂಕಿನ ಒಳಗೋಡೆಗೆ ಒತ್ತಿಕೊಳ್ಳುತ್ತದೆ, ಮತ್ತೆ ಕುಗ್ಗಿ ಹೊರಗೆ ಬರುತ್ತದೆ. ಅಮೆರಿಕದಂಥ ದೇಶಗಳಲ್ಲಿ ಗುರಿ ಹೊಡೆಯುವ ಹವ್ಯಾಸದವರು ಈ ಖಾಲಿ ಕೋಶಗಳಿಗೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಬಳಸುತ್ತಾರೆ, ಬೇಡದ್ದನ್ನು ತೂಕಕ್ಕೆ ಗುಜರಿಗೆ ಹಾಕುತ್ತಾರೆ. ಮಾರುವುದೋ ಬಳಸುವುದೋ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಸರಳ. ಒಂದೊಂದನ್ನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯುತ್ತಾರೆ. ಕತ್ತಿನಲ್ಲಿ ಸೀಳು ಇದೆಯೇ? ಬುಡದ ಹತ್ತಿರ ಸುತ್ತಲೂ ಮಿಂಚುವ ಗೆರೆ ಕಾಣುತ್ತದೆಯೇ? ಇದ್ದರೆ ಗುಜರಿಗೆ, ಇಲ್ಲದಿದ್ದರೆ ಮತ್ತೆ ಕೆಲಸಕ್ಕೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ. ಆ ಕೆಲಸ ನಮಗೆ ಬೇಡ, ಆ ಕಣ್ಣು ಬೇಕು.

ಹೌದು, ನೋಡುವುದಕ್ಕೇ ನಮಗೆ ಸೋಮಾರಿತನ. ಗಂಟು ಬಿಚ್ಚಿದರೆ ತೀರ್ಮಾನ ಮಾಡಬೇಕಾಗುತ್ತದಲ್ಲ! ಅದಕ್ಕೇ ಬಿಚ್ಚುವುದಿಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ, "ಸದ್ದಲೇ" ಅಂದು, ಇಡೀ ವರ್ಷದ ಭವಿಷ್ಯವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಒಂದು ಚರಿಗೆಯ ಭವಿಷ್ಯ ಹೇಳಲು ನಮಗೆ ಎಷ್ಟು ವರ್ಷ ಬೇಕು?

ಕಲಾಯಿ ಹಾಕುವುದನ್ನು ಒಮ್ಮೆ ಕೂತು ನೋಡಿ. ಪಾತ್ರೆಯನ್ನು ಮೊದಲು ತಿಕ್ಕಿ ಕಿಲುಬು ತೆಗೆದು, ತಿದಿಯೊತ್ತಿದ ಇದ್ದಲ ಬೆಂಕಿಯ ಮೇಲೆ ತಿರುಗಿಸುತ್ತ ಕಾಯಿಸುತ್ತಾರೆ. ಹದ ಬಂದಾಗ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒರೆಸಿದರೆ ಕಂದಿದ ಒಳಮೈ ಕಣ್ಣೆದುರೇ ಬೆಳ್ಳಗಾಗುತ್ತದೆ. ಆಮೇಲೆ ತಣ್ಣೀರಿಗೆ. ಎಲ್ಲ ಕೆಲವೇ ನಿಮಿಷ. ಅಷ್ಟರ ಕೆಲಸಕ್ಕೆ ನಾವು ತಲೆಮಾರು ಕಾಯುತ್ತೇವೆ.

ಇನ್ನು ಮಾಡಬೇಕಾದ್ದು. ಮಾನವಮಿಗೋ ಯುಗಾದಿಗೋ ಮನೆ ಸಾರಿಸಿ ಸುಣ್ಣ ಬಳಿಯುವಾಗ ಗಂಟನ್ನು ಅಂಗಳಕ್ಕೆ ಇಳಿಸಿ.

ಒಂದೊಂದನ್ನೂ ನೀರು ತುಂಬಿ ಇಡಿ. ಬುಡ ಸೋರಿದರೆ, ಅಂಚು ಸೀಳಿದ್ದರೆ, ಹಳೇ ಬೆಸುಗೆ ಮತ್ತೆ ಬಿಟ್ಟಿದ್ದರೆ ಅದು ಗುಜರಿಯ ಪಾಲು. ಕಲಾಯಿ ಮಾತ್ರ ಹೋಗಿದ್ದರೆ ಅದಿನ್ನೂ ಪಾತ್ರೆ.

ಮಾರುವುದಾದರೆ ಹಿತ್ತಾಳೆ ಬೇರೆ, ತಾಮ್ರ ಬೇರೆ, ಕಂಚು ಬೇರೆ ಮಾಡಿ, ಮನೆಯಲ್ಲೇ ತೂಗಿಟ್ಟುಕೊಂಡು, ಎರಡು ಅಂಗಡಿಯ ದರ ಕೇಳಿ ಮಾರಿ. ಬಾಗಿಲಿಗೆ ಬಂದವನ ಸ್ಟೀಲ್ ಡಬ್ಬಿಗೆ ಮರುಳಾಗಬೇಡಿ.

ಬಳಸುವುದಾದರೆ ಶುದ್ಧ ತವರವನ್ನೇ ಕೇಳಿ. ಸೀಸ ಬೆರೆಸಿದ್ದು ಅಗ್ಗ, ಆದರೆ ವಿಷ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ, ಉಪ್ಪಿನಕಾಯಿ ಇಡಲೇಬೇಡಿ. ತವರ ಸುಮಾರು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದ್ದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಮರೆತು ಹೋಗಬೇಡಿ.

ನೆನಪಿಗೆ ಅಂತ ಇಡುವುದಾದರೆ ಒಂದೇ ಒಂದು ಇಡಿ, ಕಣ್ಣಿಗೆ ಕಾಣುವ ಕಡೆ ಇಡಿ. ಗೋಣಿಚೀಲದೊಳಗಿನ ನೆನಪು ಯಾರಿಗೆ?

ಗಂಡಸರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಆ ಕೊಡ, ಆ ಕೊಳಗ ಹೆಣ್ಣುಮಗಳು ತವರಿನಿಂದ ಹೊತ್ತು ತಂದದ್ದು. ಸ್ತ್ರೀಧನ ಸಂಪೂರ್ಣ ಅವಳದೇ, ಗಂಡ ಬರೀ ಕಾಯುವವನು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿ ಮುಗಿಸಿದೆ. ಕೈ ಬರಿದಾದಾಗ ಮೊದಲು ಅವಳ ಪಾತ್ರೆಯ ಮೇಲೆ ಕಣ್ಣು ಹಾಕುವ ನಮ್ಮ ಬುದ್ಧಿ ಎಂದು ಬಿಡುತ್ತದೆ? ಗುಜರಿಯವನನ್ನು ಕರೆಯುವ ಮುಂಚೆ ಅವಳನ್ನು ಕೇಳಿ. ಅವಳು ಮಾರೋಣ ಅಂದರೆ ದುಡ್ಡು ಅವಳ ಕೈಗೆ ಕೊಡಿ. ಇಟ್ಟುಕೊಳ್ಳೋಣ ಅಂದರೆ, ಕೂಡ್ಲಿಗಿ ಕಡೆ ಹುಣಸೆಗೇನೂ ಬರವಿಲ್ಲ, ಒಂದು ಹಿಡಿ ನೆನೆಹಾಕಿ ತಿಕ್ಕಲು ನೀವೇ ಕೂರಿ.