ಉದಕಮಂಡಲದ ತೋಟ ಕಲಿಸಿದ ಪಾಠ



ಬೇಸಿಗೆ ರಜೆಯಲ್ಲಿ ತಾಳವಾಡಿ ಸೀಮೆಯ ಭಕ್ತರು ಮಠಕ್ಕೆ ಬಂದು, "ಬುದ್ಧೀ, ಮಕ್ಕಳಿಗೆ ಒಮ್ಮೆ ಊಟಿ ತೋರಿಸಬೇಕು, ತಾವೂ ದಯಮಾಡಿಸಬೇಕು" ಎಂದು ಬಿನ್ನವಿಸಿಕೊಂಡರು. ಬಸ್ಸು ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು, ಬಂಡೀಪುರ, ಮುದುಮಲೆ ದಾಟಿ ಉದಕಮಂಡಲ ಸೇರಿದೆವು. ಆ ಬಸ್ಸಿನಲ್ಲಿ ಇಬ್ಬರು ದಾಯಾದಿಗಳಿದ್ದರು. ಬದುವಿನ ಹುಣಸೆಮರದ ಫಲ ಯಾರಿಗೆ ಸೇರಬೇಕೆಂದು ವ್ಯಾಜ್ಯ ಮಾಡಿ, ಕೊನೆಗೆ ಮರವನ್ನೇ ಕಡಿಸಿದವರು. ಮರ ಹೋಯಿತು, ಜಗಳ ಉಳಿಯಿತು. ಆರು ವರ್ಷದಿಂದ ಮಾತಿಲ್ಲ. ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ.

ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 55 ಎಕರೆ ಹರಡಿರುವ ಸರ್ಕಾರಿ ಸಸ್ಯೋದ್ಯಾನ ಅದು. ಹಂತಹಂತವಾಗಿ ಏರುವ ಹೂವಿನ ಮಡಿಗಳು, ಎತ್ತರದ ಮರಗಳು, ಎರಡು ಕೋಟಿ ವರ್ಷದ ಹಿಂದಿನದೆನ್ನುವ ಕಲ್ಲಾದ ಮರದ ಕಾಂಡ. ಹಿರಿಯ ರೈತರೊಬ್ಬರು ಹುಲ್ಲುಹಾಸನ್ನು ಸವರಿ, "ಬುದ್ಧೀ, ನಾವು ಜೀವಮಾನವೆಲ್ಲ ಹುಲ್ಲು ಕಿತ್ತೆವು, ಇವರು ಹುಲ್ಲಿಗೇ ನೀರು ಬಿಡ್ತಾರಲ್ಲ!" ಎಂದು ನಕ್ಕರು.

ಈ ತೋಟದ ಕಥೆ ಕೇಳಬೇಕಾದದ್ದು. 1847ರಲ್ಲಿ ಅಲ್ಲಿದ್ದ ಯುರೋಪಿಯನ್ನರು ತಿಂಗಳಿಗೆ 3 ರೂಪಾಯಿ ವಂತಿಗೆ ಹಾಕಿ ತರಕಾರಿ ತೋಟ ಮಾಡಿದರು. ವಂತಿಗೆ ಕೊಟ್ಟವರಿಗೆ ತರಕಾರಿ, ಇದು ಕರಾರು. ಆ ಏರ್ಪಾಡು ನಿಲ್ಲಲಿಲ್ಲ. ಆಮೇಲೆ ಸಾರ್ವಜನಿಕ ತೋಟದ ಯೋಚನೆ ಬಂತು. 1848ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ ಬಂದರು. ಮೇಲೆ ಕಾಡು, ಕೆಳಗೆ ಜೌಗು. ನೀರು ಬಸಿದು, ನೆಲ ಹದಮಾಡಿ, ದಾರಿ ಕಡಿದು ರೂಪ ಕೊಡುವುದಕ್ಕೆ ಹತ್ತು ವರ್ಷ ಹಿಡಿಯಿತು. ಈಗ ಲಕ್ಷಾಂತರ ಜನ ಬಂದು ನೋಡುವ ಫಲಪುಷ್ಪ ಪ್ರದರ್ಶನ ಆರಂಭವಾದದ್ದು 1896ರಲ್ಲಿ. ಮೆಕೈವರ್ 1876ರಲ್ಲೇ ತೀರಿಕೊಂಡಿದ್ದರು. ಗುದ್ದಲಿ ಹಿಡಿದು ದುಡಿದವರ ಹೆಸರನ್ನಂತೂ ಹೇಳುವವರೇ ಇಲ್ಲ. ಅವರ ಕಾಯಕ ಮಾತ್ರ ಕಣ್ಣಮುಂದಿದೆ.

ಕೊಟ್ಟವರಿಗಷ್ಟೇ ಎಂದದ್ದು ವರ್ಷವೆರಡು ವರ್ಷ ಬಾಳಲಿಲ್ಲ. ಎಲ್ಲರಿಗೂ ಎಂದದ್ದು 175 ವರ್ಷ ದಾಟಿತು. ಶರಣರು ಕಾಯಕದ ಜೊತೆಯಲ್ಲೇ ದಾಸೋಹವನ್ನೂ ಇಟ್ಟದ್ದೇಕೆಂಬುದು ಅಲ್ಲಿ ನಿಂತಾಗ ನಮಗೆ ಇನ್ನಷ್ಟು ತಿಳಿಯಿತು.

ಪರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನೂ ಹೇಳಬೇಕು. ಹಿಂದೊಂದು ಜಾತ್ರೆಯಲ್ಲಿ ಮಠದ ಆವರಣದಲ್ಲಿ ಇಪ್ಪತ್ತು ಸಸಿ ನೆಡಿಸಿ, ಒಂದೊಂದಕ್ಕೂ ದಾನಿಗಳ ಹೆಸರಿನ ಫಲಕ ಹಾಕಿಸಿದೆವು. ಬೇಸಿಗೆಯಲ್ಲಿ ನೀರು ಹಾಕಿಸಲು ಮರೆತೆವು. ಸಸಿಗಳು ಒಣಗಿದವು, ಫಲಕಗಳು ನಿಂತಿವೆ. ಊಟಿಯ ಆ ಹಸಿರಿನ ನಡುವೆ ಅವು ನೆನಪಾಗಿ ನಮಗೆ ನಾಚಿಕೆಯಾಯಿತು.

ಮಧ್ಯಾಹ್ನ ಬುತ್ತಿ ಬಿಚ್ಚಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು. ದಾಯಾದಿಗಳಲ್ಲಿ ಹಿರಿಯರು ನಮ್ಮನ್ನು ಕೇಳಿದರು: "ಬುದ್ಧೀ, ಈಗ ಹುಣಸೆ ಸಸಿ ನೆಟ್ಟರೆ ಫಲಕ್ಕೆ ಬರೋದು ಎಂದಿಗೆ?" ನಾವು ಉತ್ತರಿಸುವ ಮೊದಲೇ ಕಿರಿಯರು, ತಲೆ ಎತ್ತದೆ, "ಹತ್ತು ವರ್ಷವಾದರೂ ಬೇಕು ಕಣಣ್ಣ. ಮೊಮ್ಮಕ್ಕಳಿಗಾಗುತ್ತೆ" ಎಂದರು. ಆರು ವರ್ಷದ ಮೇಲೆ ಬಂದ ಮೊದಲ ಮಾತು ಅದು. ನಾವು ಸುಮ್ಮನಿದ್ದೆವು.

ಭಕ್ತರೇ, ಈ ಮಳೆಗಾಲದಲ್ಲಿ ನಿಮ್ಮ ಬದುವಿನ ಮೇಲೆ ಒಂದು ಸಸಿ ನೆಡಿ. ಆಚೆ ಹೊಲದವರನ್ನು ಕರೆದು, ಅವರ ಕೈಯಿಂದಲೂ ಒಂದು ಬೊಗಸೆ ಮಣ್ಣು ಹಾಕಿಸಿ. ಪೇಟೆಯ ಭಕ್ತರು ಅಂಗಡಿಯ ಮುಂದೆ ನೆಡಿ. ನೆರಳಲ್ಲಿ ನಿಲ್ಲುವವರು ಗಿರಾಕಿಯೋ ಅಲ್ಲವೋ ಎಂದು ನೋಡಬೇಡಿ. ಫಲಕ ಬೇಡ. ಎರಡು ಬೇಸಿಗೆ ನೀರು ಹಾಕಿ. ಮಠದ ಇಪ್ಪತ್ತು ಗುಣಿಗಳಿಗೂ ನಾವೇ ಕೊಡ ಹೊರುತ್ತೇವೆ.