ಕಾಣದ ಜಾಗದ ಕೆಲಸ

ಮನುಷ್ಯನ ಪ್ರಾಮಾಣಿಕತೆಯನ್ನು ನಾವು ಸಾಮಾನ್ಯವಾಗಿ ಹಣದ ವ್ಯವಹಾರದಲ್ಲಿ ಅಳೆಯುತ್ತೇವೆ. ಸಾಲ ತೀರಿಸಿದನೇ, ತೂಕ ಸರಿಯಾಗಿ ಕೊಟ್ಟನೇ, ಆಡಿದ ಮಾತು ಉಳಿಸಿಕೊಂಡನೇ ಎಂದು ಕೇಳುತ್ತೇವೆ. ಆದರೆ ಯಾರೂ ಇಣುಕಿ ನೋಡದ ಜಾಗದಲ್ಲಿ ಆತ ಮಾಡಿದ ಕೆಲಸ ಹೇಗಿದೆ ಎಂದು ಕೇಳುವವರು ಕಡಿಮೆ. ಗ್ಯಾರೇಜಿನ ಕೆಲಸ ಬಹುತೇಕ ಅಂತಹ ಜಾಗದ್ದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಾಗಲಿ, ಭದ್ರಾವತಿಯ ಸಣ್ಣ ಗ್ಯಾರೇಜಿನಲ್ಲಾಗಲಿ, ಗೇರ್‌ಬಾಕ್ಸ್ ಮುಚ್ಚಿ ಬೋಲ್ಟ್ ಬಿಗಿದ ಮೇಲೆ ಒಳಗಿರುವುದು ಹೊಸ ಸೀಲೋ ಹಳೆಯದೋ ಗಾಡಿಯ ಮಾಲೀಕನಿಗೆ ತಿಳಿಯುವುದಿಲ್ಲ. ಅವನು ಹಣ ಕೊಡುವುದು ಕಂಡದ್ದಕ್ಕಲ್ಲ, ನಂಬಿದ್ದಕ್ಕೆ.

ಈ ನಂಬಿಕೆಯ ಭಾರ ಎಷ್ಟೆಂದು ತಿಳಿಯಲು ಒಂದು ಹಳೆಯ ಯಂತ್ರವನ್ನು ನೋಡೋಣ. ಜರ್ಮನಿಯ ಪೋರ್ಷೆ ಕಂಪನಿ 1967ರಲ್ಲಿ ತನ್ನ 911 ಸ್ಪೋರ್ಟ್ಸ್ ಕಾರಿಗೆ ‘ಸ್ಪೋರ್ಟೊಮ್ಯಾಟಿಕ್’ ಎಂಬ ಅರೆ-ಸ್ವಯಂಚಾಲಿತ ಗೇರ್ ವ್ಯವಸ್ಥೆಯನ್ನು ತಂದಿತು. 1980ರವರೆಗೆ ಅದು ಮಾರಾಟದಲ್ಲಿತ್ತು. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ. ಚಾಲಕ ಗೇರ್ ಲಿವರ್ ಮೇಲೆ ಕೈಯಿಟ್ಟು ಸರಿಸತೊಡಗಿದರೆ ಒಂದು ಸಣ್ಣ ಸ್ವಿಚ್ ಎಚ್ಚರಗೊಂಡು, ನಿರ್ವಾತದ ಬಲದಿಂದ ಕ್ಲಚ್ ತಾನಾಗಿಯೇ ಬಿಡುತ್ತದೆ. ಕ್ಲಚ್ ಲಿವರ್ ಇಲ್ಲದೆ ಕಾಲಿನಲ್ಲೇ ಗೇರ್ ಹಾಕುವ ‘ಹೀರೋ ಹೋಂಡಾ ಸ್ಟ್ರೀಟ್’ ಬೈಕನ್ನು ಓಡಿಸಿದವರಿಗೆ ಇದರ ಅನುಕೂಲ ಅರ್ಥವಾಗುತ್ತದೆ, ಎರಡರ ಒಳರಚನೆ ಬೇರೆಯಾದರೂ ಸಹ.

ಈಗ ಈ ಕಾರಿನ ಅಡಿಯಲ್ಲಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ, ಆಯಿಲ್ ತೊಟ್ಟಿಕ್ಕುತ್ತಿದೆ ಎಂದಿಟ್ಟುಕೊಳ್ಳಿ. ಅದು ಎಲ್ಲಿಂದ ಬಂತು? ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಸೀಲಿನಿಂದ ಇರಬಹುದು. ಇಂಜಿನ್ ಮತ್ತು ಕ್ಲಚ್‌ಗಳ ನಡುವೆ ಕುಳಿತಿರುವ ಟಾರ್ಕ್ ಕನ್ವರ್ಟರ್‌ನ ಸೀಲಿನಿಂದ ಇರಬಹುದು. ಗೇರ್‌ಬಾಕ್ಸಿನ ಶಾಫ್ಟ್ ಸೀಲಿನಿಂದಲೂ ಇರಬಹುದು. ಗೇರ್ ಆಯಿಲ್ ಆಗಿದ್ದರೆ ಅದರ ಗಂಧಕದಂತಹ ವಾಸನೆಯಿಂದ ಗುರುತಿಸಬಹುದು. ಆದರೆ ಈ ಕಾರಿನ ಕನ್ವರ್ಟರ್‌ನಲ್ಲಿ ಓಡುವುದೂ ಇಂಜಿನ್ ಆಯಿಲೇ. ಆದ್ದರಿಂದ ಮೊದಲಿನ ಎರಡರ ವ್ಯತ್ಯಾಸವನ್ನು ಬಣ್ಣವೂ ಹೇಳದು, ವಾಸನೆಯೂ ಹೇಳದು. ಒಳಗಿನ ಕ್ಲಚ್ ಪ್ಲೇಟ್ ಒಣಗಿರಬೇಕಾದದ್ದು. ಅದಕ್ಕೆ ಆಯಿಲ್ ತಾಗಿದರೆ ಜಾರತೊಡಗುತ್ತದೆ. ಆಗ ಪ್ಲೇಟೇ ಸವೆದಿದೆ ಎಂದು ತೀರ್ಮಾನಿಸಿ, ತಪ್ಪು ಮಾಡದ ಭಾಗವನ್ನು ಬದಲಿಸುವ ಸಾಧ್ಯತೆಯೂ ಇದೆ.

ನಿಜ ತಿಳಿಯಬೇಕಾದರೆ ಇಂಜಿನ್ ಮತ್ತು ಗೇರ್‌ಬಾಕ್ಸನ್ನು ಕೆಳಗಿಳಿಸಬೇಕು. ಸೀಲ್ ಎಂಬುದು ರಬ್ಬರಿನ ಒಂದು ಬಳೆ. ಅದರ ಬೆಲೆಗಿಂತ ಅದನ್ನು ತಲುಪುವ ಕೂಲಿಯೇ ಹಲವು ಪಟ್ಟು ಹೆಚ್ಚು. ತಲುಪಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸೀಲ್ ಏಕೆ ಹಾಳಾಯಿತು? ವರ್ಷಗಟ್ಟಲೆ ನಿಂತ ಕಾರಿನಲ್ಲಿ ರಬ್ಬರು ಗಡುಸಾಗುತ್ತದೆ. ಬೇರಿಂಗ್ ಸವೆದು ಶಾಫ್ಟ್ ಅಲುಗಾಡುತ್ತಿದ್ದರೆ ಹೊಸ ಸೀಲೂ ಉಳಿಯದು. ಶಾಫ್ಟಿನ ಮೇಲೆಯೇ ಗೆರೆ ಬಿದ್ದಿದ್ದರೆ ಆಯಿಲ್ ಅದೇ ದಾರಿಯಲ್ಲಿ ಹೊರಬರುತ್ತದೆ. ಕೆಲವೊಮ್ಮೆ ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ರಂಧ್ರ, ಅಂದರೆ ಬ್ರೀದರ್, ಕೆಸರು ತುಂಬಿ ಮುಚ್ಚಿರುತ್ತದೆ. ಬಿಸಿಯಾದಾಗ ಒಳಗಿನ ಒತ್ತಡ ಹೆಚ್ಚಿ, ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರದೂಡುತ್ತದೆ. ಅಂತಹ ಕಡೆ ಸೀಲು ಬದಲಿಸಿದರೆ ಶಿಕ್ಷೆ ಒಬ್ಬನಿಗೆ, ತಪ್ಪು ಇನ್ನೊಬ್ಬನದು ಎಂದಾಗುತ್ತದೆ.

ಮೆಕ್ಯಾನಿಕ್ ಮುಂದೆ ಈಗ ಮೂರು ದಾರಿಗಳಿವೆ. ಅಡಿಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿದ ಕಾರನ್ನು ಒಪ್ಪಿಸುವುದು ಒಂದು. ಕಾರಣ ಹುಡುಕದೆ ಸೀಲ್ ಮಾತ್ರ ಬದಲಿಸುವುದು ಎರಡನೆಯದು. ಕಾರಣವನ್ನೇ ಹುಡುಕಿ ಸರಿಪಡಿಸುವುದು ಮೂರನೆಯದು. ಗಾಡಿ ಒಪ್ಪಿಸುವ ದಿನ ಮೂರೂ ಒಂದೇ ತರಹ ಕಾಣುತ್ತವೆ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೂರನೆಯದೇ ಸರಿ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ದಿನದ ದುಡಿಮೆಯಲ್ಲಿ ಮನೆ ನಡೆಸುವ ಮೆಕ್ಯಾನಿಕ್‌ನ ಜಾಗದಲ್ಲಿ ನಾವು ನಿಂತು ನೋಡಬೇಕು. ‘ಇಂಜಿನ್ ಇಳಿಸಬೇಕು, ನಾಲ್ಕು ದಿನ ಬೇಕು’ ಎಂದರೆ ಗಿರಾಕಿ ಎದುರಿನ ಗ್ಯಾರೇಜಿಗೆ ಹೋಗುತ್ತಾನೆ. ಅಲ್ಲಿ ‘ಸಂಜೆಗೆ ಕೊಡ್ತೀನಿ ಸರ್’ ಎಂಬ ಉತ್ತರ ಸಿಗುತ್ತದೆ. ಬಿಡಿಭಾಗಕ್ಕೆ ಕೇಳಿದಷ್ಟು ಕೊಡುವ ನಾವು ಕೂಲಿಗೆ ಚೌಕಾಶಿ ಮಾಡುತ್ತೇವೆ, ಏಕೆಂದರೆ ಬಿಡಿಭಾಗ ಕಣ್ಣಿಗೆ ಕಾಣುತ್ತದೆ, ಶ್ರಮ ಕಾಣುವುದಿಲ್ಲ. ಬಣ್ಣಕ್ಕೂ ಸೀಟ್ ಕವರಿಗೂ ಸಾವಿರಗಟ್ಟಲೆ ಸುರಿಯುವವರು ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ದುಬಾರಿ ಎನ್ನುತ್ತಾರೆ. ತೊಳೆದು ಕೊಡುವವನು ಮೋಸಗಾರನೆಂದಾದರೆ, ತೊಳೆದು ಕೊಡುವಷ್ಟೇ ಹಣ ಕೊಡುವವರು ಯಾರು? ಸಮಾಜದಲ್ಲಿ ಅತ್ಯಂತ ಕಡಿಮೆ ಗಳಿಸುವವನಿಂದ ಅತ್ಯಂತ ಹೆಚ್ಚು ಪ್ರಾಮಾಣಿಕತೆಯನ್ನು ನಿರೀಕ್ಷಿಸಿ, ಅದರ ಬೆಲೆಯನ್ನು ಅವನೇ ತೆರಲಿ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಪ್ರತಿಯೊಂದು ಸೋರಿಕೆಯನ್ನೂ ಸರಿಪಡಿಸಲೇಬೇಕೇ? ಬೇಕೆಂದಿಲ್ಲ. ಹಳೆಯ ಯಂತ್ರ ಒಂದೆರಡು ತೊಟ್ಟು ಬಿಡಬಹುದು. ಕೆಳಗೆ ತಟ್ಟೆಯಿಟ್ಟು, ಆಯಿಲ್ ಮಟ್ಟ ನೋಡಿಕೊಂಡು, ನಿಗಾ ಇಟ್ಟು ಓಡಿಸುವುದು ಒಂದು ವಿವೇಕದ ಆಯ್ಕೆಯೇ. ಆದರೆ ಆ ಆಯ್ಕೆ ತಿಳಿದು ಮಾಡಿದ್ದಾಗಿರಬೇಕು. ಮೆಕ್ಯಾನಿಕ್ ‘ಇಷ್ಟನ್ನು ನೋಡಿದ್ದೇನೆ, ಇಷ್ಟು ನನ್ನ ಊಹೆ, ಬಿಚ್ಚದೆ ಖಚಿತವಾಗಿ ಹೇಳಲಾರೆ’ ಎನ್ನಬೇಕು. ಮಾಲೀಕ ಅದನ್ನು ಕೇಳಿ ತೀರ್ಮಾನಿಸಬೇಕು. ಕಾರು ಮಾರುವ ದಿನ ಅದೇ ಮಾತನ್ನು ಕೊಳ್ಳುವವನಿಗೂ ಹೇಳಬೇಕು. ಸೋರುವ ಕಾರನ್ನು ಮಾರುವುದರಲ್ಲಿ ತಪ್ಪಿಲ್ಲ, ಒರೆಸಿ ಮಾರುವುದರಲ್ಲಿ ತಪ್ಪಿದೆ.

ಮುಚ್ಚಿಟ್ಟ ಸೋರಿಕೆಯ ನಷ್ಟ ಆ ಇಬ್ಬರಲ್ಲೇ ಉಳಿಯುವುದೂ ಇಲ್ಲ. ಮಲೆನಾಡಿನ ಮೊದಲ ಮಳೆಗೆ ರಸ್ತೆಯ ಮೇಲಿನ ಆಯಿಲ್ ಯಾವುದೋ ಬೈಕ್ ಸವಾರನನ್ನು ಬೀಳಿಸಬಹುದು. ಉಪಯೋಗಿಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಬಿಟ್ಟರೆ ಅದು ಶಿವಮೊಗ್ಗದಲ್ಲಿ ತುಂಗೆಯ ಕಡೆಗೂ ಭದ್ರಾವತಿಯಲ್ಲಿ ಭದ್ರೆಯ ಕಡೆಗೂ ಹರಿಯುತ್ತದೆ. ಎರಡೂ ನದಿಗಳು ಕೂಡ್ಲಿಯಲ್ಲಿ ಸೇರಿ ಮುಂದಿನ ಊರುಗಳಿಗೆ ಹೋಗುತ್ತವೆ. ಆ ಊರಿನವರಿಗೆ ನಮ್ಮ ಕಾರಿನ ಗೊಡವೆಯೇ ಇಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಮುಂದೆ ಅದು ವಿಶೇಷ ಉಕ್ಕಿಗೆ ಹೆಸರಾಯಿತು. ಕರಗಿದ ಉಕ್ಕಿನ ಮಾದರಿ ತೆಗೆದು ಪರೀಕ್ಷಿಸಿದ ಕೆಲಸಗಾರನಿಗೆ ಆ ಉಕ್ಕು ಯಾವ ಗಾಡಿಯ ಯಾವ ಶಾಫ್ಟ್ ಆಗುವುದೆಂದು ಗೊತ್ತಿರಲಿಲ್ಲ. ಆ ಗಾಡಿಯಲ್ಲಿ ಕುಳಿತವರಿಗೂ ಅವನು ಗೊತ್ತಿಲ್ಲ. ಆದರೂ ಅವನ ಕೆಲಸದ ಮೇಲೆ ಜೀವ ಒಪ್ಪಿಸಿ ನಾವು ಘಟ್ಟ ಇಳಿಯುತ್ತೇವೆ. ಇಷ್ಟನ್ನು ಪಡೆದಿರುವ ನಾವು ಮುಂದಿನ ಸಲ ಗ್ಯಾರೇಜಿನಲ್ಲಿ ‘ಸಂಜೆಗೆ ಸಿಗುತ್ತಾ?’ ಎಂದು ಕೇಳುವ ಬದಲು, ‘ಕಾರಣ ಏನೆಂದು ನೋಡಿ, ಅದಕ್ಕಾಗುವ ಕೂಲಿ ಕೊಡುತ್ತೇವೆ’ ಎನ್ನಬಹುದಲ್ಲವೇ?